ನೆರಳು ಕಚೇರಿಯ ಖಾಲಿ ಗುಳ್ಳೆ

ಸರಕು ನೋಡಿ ಬೆಲೆ ಕಟ್ಟುವುದು ನನ್ನ ಕಸುಬು. ಮನುಷ್ಯರನ್ನು ಕಂಡರೂ ಕೈ ಸುಮ್ಮನಿರುವುದಿಲ್ಲ. ಅವನು ಮೊದಲ ಸಲ ನನ್ನ ಮಳಿಗೆಯ ಬಾಗಿಲಲ್ಲಿ ನಿಂತಾಗ ಒಂದೇ ನೋಟದಲ್ಲಿ ತೂಗಿಬಿಟ್ಟೆ. ಅಂಗಿ ಹಳೆಯದು, ಆದರೆ ಗುಂಡಿಗಳೆಲ್ಲ ಒಂದೇ ಬಣ್ಣದವು. ಮನೆಯಲ್ಲಿ ಹೊಲಿಗೆ ಬಲ್ಲವರಿದ್ದಾರೆ. ಬಲಗೈಯ ನಡುಬೆರಳಿನ ಪಕ್ಕದಲ್ಲಿ ಶಾಯಿ ಗಟ್ಟಿಯಾಗಿ ಚರ್ಮದ ಜೊತೆ ಸೇರಿಹೋಗಿದೆ; ಕೆಲಸ ಬಲ್ಲವನು. ಕುರ್ಚಿ ತೋರಿಸಿದರೆ ಅದರ ಅಂಚಿನಲ್ಲಿ ಮಾತ್ರ ಕೂರುತ್ತಾನೆ; ಸಂಬಳ ಹೆಚ್ಚು ಕೇಳಲಾರ. ಮಾತಿಗೆ ಮುಂಚೆ ಒಂದು ಸಲ ಉಗುಳು ನುಂಗುತ್ತಾನೆ, ಎದುರು ಮಾತಾಡಲಾರ. ಇಂಥ ಆಳು ಕಣ್ಣಿಗೆ ಬಿದ್ದರೆ ಬೇರೆ ಅಂಗಡಿಯವನು ನೋಡುವ ಮುಂಚೆ ಒಳಗೆ ಕರೆದುಕೊಳ್ಳಬೇಕು. ಕರೆದುಕೊಂಡೆ.

ನನ್ನ ತಕ್ಕಡಿ ಸರಿಯಿತ್ತು. ತೂಕದ ಕಲ್ಲು ಸವೆದಿತ್ತೆಂದು ಗೊತ್ತಾಗಲು ಬಹಳ ವರ್ಷ ಬೇಕಾಯಿತು.

ನಾನು ಮೂಲದಲ್ಲಿ ಕಾಗದದ ವ್ಯಾಪಾರಿ. ನೋಟುಪುಸ್ತಕ, ಲಕೋಟೆ, ರಸೀದಿ ಪುಸ್ತಕ. ಕತ್ತರಿಸಿ ಉಳಿದ ಕಾಗದವನ್ನು ಏನು ಮಾಡುವುದೆಂದು ಯೋಚಿಸುತ್ತ ಮಕ್ಕಳ ಕಾಮಿಕ್ಸ್‌ಗೆ ಇಳಿದೆ. ಅದನ್ನು ಸಾಹಿತ್ಯ ಸೇವೆ ಎಂದು ಯಾರಾದರೂ ಹೊಗಳಿದರೆ ನಂಬಬೇಡಿ, ಅದು ಅಂಚಿನ ಕಾಗದದ ಸೇವೆ. ನಮ್ಮ ನಾಯಕನ ಹೆಸರು ಬಿರುಗಾಳಿ ವೀರ. ಹಾರುತ್ತಿದ್ದ, ಸೇತುವೆ ಮುರಿಯುತ್ತಿದ್ದ, ಮುರಿದ ಸೇತುವೆಯನ್ನು ತಾನೇ ಹೆಗಲ ಮೇಲೆ ಹೊರುತ್ತಿದ್ದ. ತಿಂಗಳಿಗೊಂದು ಸಂಚಿಕೆ. ಚಿತ್ರಗಾರನೊಬ್ಬ ದಪ್ಪ ರಟ್ಟಿನ ಮೇಲೆ ಚಿತ್ರ ಬರೆದು, ಪಾತ್ರಗಳ ಬಾಯಿಯ ಪಕ್ಕ ಬಿಳಿ ಗುಳ್ಳೆಗಳನ್ನು ಬಿಡುತ್ತಿದ್ದ. ಆ ಗುಳ್ಳೆಗಳಲ್ಲಿ ಮಾತು ತುಂಬಲು ಒಬ್ಬ ಬೇಕಿತ್ತು. ಅವನೇ ಇವನು. ಬಂದ ವಾರದಲ್ಲೇ ಮಳಿಗೆಯವರು ಅವನಿಗೆ ಗುಳ್ಳೆ ಎಂದು ಹೆಸರಿಟ್ಟರು. ಮಡಿಚುವ ಕೆಲಸದ ಹೆಂಗಸರು ಮರ್ಯಾದೆ ಸೇರಿಸಿ ಗುಳ್ಳೆಯಣ್ಣ ಅಂದರು. ಅವನು ಎರಡಕ್ಕೂ ಓಗೊಡುತ್ತಿದ್ದ.

ಮಾತನ್ನು ನೇರವಾಗಿ ರಟ್ಟಿನ ಮೇಲೆ ಬರೆಯುತ್ತಿರಲಿಲ್ಲ. ನನ್ನದು ವ್ಯಾಪಾರಿಯ ಬುದ್ಧಿ, ಕೊನೆಯ ಗಳಿಗೆಯವರೆಗೂ ಮಾತು ಬದಲಿಸುತ್ತಿದ್ದೆ. ಚಿತ್ರಗಾರನೋ ತನ್ನ ರಟ್ಟಿನ ಮೇಲೆ ಯಾರಾದರೂ ಕೆರೆದರೆ ಎರಡು ದಿನ ಊಟ ಬಿಡುವ ಜಾತಿ. ಹಾಗಾಗಿ ಗುಳ್ಳೆ ತೆಳು ಕಾಗದದ ಮೇಲೆ ಮಾತು ಬರೆದು, ಗುಳ್ಳೆಯ ಆಕಾರಕ್ಕೆ ಕತ್ತರಿಸಿ, ರಬ್ಬರ್ ಗೋಂದಿನಿಂದ ಅಂಟಿಸುತ್ತಿದ್ದ. ಅಂಟಿಸಿದ ಮೇಲೆ ಬೆಣ್ಣೆ ಕಾಗದ ಹೊದಿಸಿ, ಗಾಜಿನ ಸೀಸೆಯನ್ನು ಉರುಳಿಸಿ, ಕಬ್ಬಿಣದ ತೂಕದ ಅಡಿಯಲ್ಲಿ ಇಡೀ ಒಂದು ದಿನ ಇಡುತ್ತಿದ್ದ. ಮರುದಿನ ಹಾಳೆಯನ್ನು ತಲೆಕೆಳಗೆ ಹಿಡಿದು ಮೂರು ಸಲ ಜಾಡಿಸುತ್ತಿದ್ದ. ಯಾಕೆ ಹೀಗೆ ಎಂದು ಕೇಳಿದ್ದಕ್ಕೆ, ಬೀಳೋದಿದ್ರೆ ನನ್ನ ಕೈಲೇ ಬೀಳಲಿ, ಓದೋರ ಕೈಗೆ ಹೋಗಿ ಬೀಳೋದು ಬೇಡ ಅಂದಿದ್ದ. ಹತ್ತೊಂಬತ್ತು ವರ್ಷ ಅವನು ಅಂಟಿಸಿದ ಒಂದು ಚೀಟಿಯೂ ಬಿದ್ದಿರಲಿಲ್ಲ. ಅವನಿಗೆ ಸ್ವಂತ ಮನೆ ಇರಲಿಲ್ಲ, ಮದುವೆ ಇರಲಿಲ್ಲ, ಬ್ಯಾಂಕಿನಲ್ಲಿ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ. ಅವನ ಆಸ್ತಿ ಎಂದರೆ ಈ ಒಂದು ಮಾತು: ಗುಳ್ಳೆ ಅಂಟಿಸಿದ್ದು ಬೀಳುವುದಿಲ್ಲ.

ನೆರಳು ಕಚೇರಿ ಹುಟ್ಟಿದ್ದು ಅವನ ಒಂದು ಸಂಶಯದಿಂದ. ಆ ತಿಂಗಳು ಬಿರುಗಾಳಿ ವೀರ ಆಕಾಶದಿಂದ ಇಳಿದು ನೇರವಾಗಿ ಹಡಗುಕಟ್ಟೆಯ ಏಳನೇ ಗೋದಾಮಿಗೆ ನುಗ್ಗಿದ್ದ. ಗುಳ್ಳೆ ಲೇಖನಿ ಕೆಳಗಿಟ್ಟು, "ಯಜಮಾನ್ರೇ, ಕಳ್ಳರು ಏಳನೇದರಲ್ಲೇ ಇದಾರೆ ಅಂತ ಇವನಿಗೆ ಯಾರು ಹೇಳಿದ್ರು?" ಎಂದು ಕೇಳಿದ. ನಾನು ಹಾರುವವನಿಗೆ ಅಷ್ಟೂ ಗೊತ್ತಾಗಲ್ವಾ ಅಂದೆ. ಅವನು ಉಗುಳು ನುಂಗಿ, ಹಾರೋದು ಬೇರೆ, ವಿಳಾಸ ಬೇರೆ ಅಂದ. ಚಿತ್ರಗಾರ ನಕ್ಕ. ನನಗೆ ಅಂದು ಬೇಗ ಮನೆಗೆ ಹೋಗಬೇಕಿತ್ತು, ಯಾರಾದರೂ ಹೇಳಿದ ಹಾಗೆ ಬರೆದುಕೋ ಮಾರಾಯ ಅಂದೆ.

ಅವನು ಬರೆದುಕೊಂಡ. ಕೊಡೆ ರಿಪೇರಿ ಅಂಗಡಿ, ಅದರ ಹಿಂದಿನ ಗೋಡೆ ಸರಿದರೆ ಒಂದು ಗುಪ್ತ ಕಚೇರಿ. ಒಳಗೆ ಹೋಗಬೇಕಾದವನು ಬಟ್ಟೆಯಿಲ್ಲದ ಕೊಡೆ ಹಿಡಿದು ಬಂದು, ಇದಕ್ಕೆ ಹಿಡಿ ಹಾಕಿಕೊಡ್ತೀರಾ ಎಂದು ಕೇಳಬೇಕು. ಬೇಹುಗಾರರು ಕೋಟು ತೊಟ್ಟು ಕಾರು ಓಡಿಸುವವರಲ್ಲ. ಒಬ್ಬ ಲಿಫ್ಟ್ ನಡೆಸುವವನು, ಒಬ್ಬಳು ಲಾಂಡ್ರಿಯಲ್ಲಿ ಇಸ್ತ್ರಿ ಹಾಕುವವಳು, ಇನ್ನೊಬ್ಬಳು ರೈಲು ನಿಲ್ದಾಣದಲ್ಲಿ ಗಾಡಿ ತಡ ಎಂದು ಘೋಷಿಸುವವಳು. ಯಾರ ಕಣ್ಣಿಗೂ ಬೀಳದವರು. ಹಾಜರಿ ಪುಸ್ತಕಕ್ಕೆ ಕಾಣದ ಶಾಯಿಯಲ್ಲಿ ಸಹಿ ಹಾಕುತ್ತಿದ್ದರು, ಆದ್ದರಿಂದ ಯಾರು ರಜೆ ಹಾಕಿದ್ದಾರೆಂದು ಕಚೇರಿಗೇ ಗೊತ್ತಾಗುತ್ತಿರಲಿಲ್ಲ. ಇವರ ಮುಖ್ಯಸ್ಥರನ್ನು ಎಲ್ಲರೂ ಮೇಲಿನವರು ಎನ್ನುತ್ತಿದ್ದರು. ಮೇಲಿನವರ ಮುಖ ಸದಾ ಟೋಪಿಯ ನೆರಳಲ್ಲಿ. ಅದರಲ್ಲಿ ರಹಸ್ಯವೇನಿಲ್ಲ, ಚಿತ್ರಗಾರನಿಗೆ ಮುಖ ಬರೆಯಲು ಅರ್ಧ ದಿನ ಬೇಕು, ಟೋಪಿಗೆ ಐದು ನಿಮಿಷ.

ಗುಪ್ತ ಸಂಸ್ಥೆಯಷ್ಟು ಒಳ್ಳೆಯ ಸರಕನ್ನು ನಾನು ಕಾಗದದ ವ್ಯಾಪಾರದಲ್ಲಿ ಕಂಡಿಲ್ಲ. ಕೊಳೆಯುವುದಿಲ್ಲ, ಗೆದ್ದಲು ಹಿಡಿಯುವುದಿಲ್ಲ. ಮೂರು ತಿಂಗಳಿಗೊಮ್ಮೆ ಅದರ ಕಟ್ಟಡಕ್ಕೆ ಬೆಂಕಿ ಇಡಬಹುದು, ಮುಂದಿನ ಸಂಚಿಕೆಯಲ್ಲಿ ಶಾಯಿಯ ಖರ್ಚಿನಲ್ಲೇ ಮತ್ತೆ ಕಟ್ಟಬಹುದು. ಸತ್ತ ಬೇಹುಗಾರ ಸತ್ತೇ ಇರಲಿಲ್ಲ ಅನ್ನಬಹುದು. ಎದುರಿಗೊಂದು ವೈರಿ ಕೂಟ ಇಟ್ಟುಬಿಟ್ಟರೆ ಜನ್ಮಕ್ಕಾಗುವಷ್ಟು ಜಗಳ. ನಾವು ಇಟ್ಟೆವು, ಅದರ ಹೆಸರು ಮುಳ್ಳುಕೂಟ. ಎರಡು ವರ್ಷದಲ್ಲಿ ಓದುಗರು ಬಿರುಗಾಳಿ ವೀರನನ್ನು ಮರೆತರು. ಪಾಪ, ಅವನು ಹಾರುತ್ತಲೇ ಇದ್ದ, ನೋಡುವವರಿರಲಿಲ್ಲ. ಎಲ್ಲರಿಗೂ ಬೇಕಾದದ್ದು ಕೊಡೆ ಅಂಗಡಿಯ ಹಿಂದಿನ ಗೋಡೆ.

ನಾನು ಸುಮ್ಮನಿರುತ್ತೇನೆಯೇ? ಕೊನೆಯ ಪುಟದಲ್ಲಿ ಕೂಪನ್ ಹಾಕಿದೆ. ತುಂಬಿ ಕಳಿಸಿದವರಿಗೆ ನೆರಳು ಕಚೇರಿಯ ಗುರುತಿನ ಚೀಟಿ, ಒಂದು ಗುಪ್ತ ಸಂಖ್ಯೆ. ಚೀಟಿಯ ಹಿಂಬದಿಗೆ ಏನಾದರೂ ನಿಯಮ ಬರೆದುಕೊಡು ಎಂದು ಗುಳ್ಳೆಗೆ ಹೇಳಿದೆ. ಅವನು ಎರಡು ದಿನ ಯೋಚಿಸಿ ಮೂರು ನಿಯಮ ಬರೆದ. ನೆರಳು ಕಚೇರಿ ತನ್ನವರನ್ನು ಬಿಟ್ಟು ಬರುವುದಿಲ್ಲ. ಕಂಡದ್ದನ್ನೆಲ್ಲ ಹೇಳಬೇಡ, ಆದರೆ ಹೇಳಿದ್ದನ್ನು ಕಂಡಿರು. ಯಾರನ್ನಾದರೂ ದ್ರೋಹಿ ಎನ್ನುವ ಮುಂಚೆ ಮೂರು ಸಲ ವಿಚಾರಿಸು.

ಚೀಟಿಗಳು ಹೋದ ಮೇಲೆ ಕಾಗದಗಳು ಬರತೊಡಗಿದವು. ಮೇಲಿನವರಿಗೆ ಎಂದು ವಿಳಾಸ ಬರೆದು, ಒಳಗೆ ಮಕ್ಕಳು ತಮ್ಮ ಓಣಿಯ ಗುಟ್ಟುಗಳನ್ನೆಲ್ಲ ಸುರಿಯುತ್ತಿದ್ದರು. ನಾನು ಮೂಟೆ ಕಟ್ಟಿ ರದ್ದಿಗೆ ಹಾಕು ಅಂದೆ. ಗುಳ್ಳೆ ಹಾಕಲಿಲ್ಲ. ಊಟದ ವಿರಾಮದಲ್ಲಿ ಒಂದು ಕೈಯಲ್ಲಿ ತುತ್ತು, ಇನ್ನೊಂದು ಕೈಯಲ್ಲಿ ಕಾಗದ ಹಿಡಿದು ಓದಿ, ಪ್ರತಿಯೊಂದಕ್ಕೂ ಮೇಲಿನವರ ಹೆಸರಲ್ಲಿ ಉತ್ತರ ಬರೆಯುತ್ತಿದ್ದ, ಕಾಮಿಕ್ಸ್‌ನ ಅದೇ ಅಕ್ಷರದಲ್ಲಿ. ಶಾಲೆಯಲ್ಲಿ ಜ್ಯಾಮಿಟ್ರಿ ಬಾಕ್ಸ್ ಕದ್ದವಳೆಂದು ತನ್ನನ್ನು ಎಲ್ಲರೂ ಅನ್ನುತ್ತಾರೆಂದು ಒಬ್ಬ ಹುಡುಗಿ ಅಳುತ್ತ ಬರೆದಿದ್ದಳು. ಗುಳ್ಳೆಯ ಉತ್ತರವನ್ನು ಅವನ ಹೆಗಲ ಮೇಲಿಂದ ನಾನೇ ಓದಿದೆ. ನಿನ್ನನ್ನು ಮೂರು ಸಲ ವಿಚಾರಿಸಿದರೇ? ಇಲ್ಲವಾದರೆ ಆ ತೀರ್ಪು ನಮ್ಮ ಕಚೇರಿಯಲ್ಲಿ ನಡೆಯುವುದಿಲ್ಲ, ನೀನು ನಾಳೆಯೂ ಮುಂದಿನ ಬೆಂಚಿನಲ್ಲೇ ಕೂರು. ಓದಿ ನಾನು ಗೇಲಿ ಮಾಡಿದೆ, ನಿನ್ನನ್ನ ಜಡ್ಜ್ ಮಾಡಬೇಕಿತ್ತು ಕಣೋ ಅಂತ. ಅವನು ಲಕೋಟೆಯ ಅಂಚನ್ನು ಹೆಬ್ಬೆರಳಿಂದ ಒತ್ತುತ್ತ ಸುಮ್ಮನೆ ನಕ್ಕ.

ಆಮೇಲೆ ವ್ಯಾಪಾರ ಇಳಿಯತೊಡಗಿತು. ಮಕ್ಕಳ ಕೈಗೆ ಬೇರೆ ಆಟಿಕೆಗಳು ಬಂದವು. ಪುಸ್ತಕ ಹಂಚುವ ಸಗಟು ವ್ಯಾಪಾರಿಯೊಬ್ಬ ನನ್ನನ್ನು ಕೂರಿಸಿಕೊಂಡು ಬುದ್ಧಿ ಹೇಳಿದ. ಈಗಿನ ಸೂಪರ್‌ಹೀರೋ ಕಾಮಿಕ್ಸ್ ನೋಡು, ಬೇಹುಗಾರ ಸಂಸ್ಥೆ ಅಂದರೆ ಒಳಗಿಂದ ಕೊಳೆತಿರಲೇಬೇಕು. ದೇಶ ಕಾಯುವವನೇ ಕೊನೆಗೆ ವೈರಿ ಕೂಟದ ಒಡೆಯ ಅಂತ ಗೊತ್ತಾಗಬೇಕು. ಬೇಲಿಯೇ ಎದ್ದು ಹೊಲ ಮೇಯ್ದರೆ ಓದುವವನಿಗೆ ಖುಷಿ. ನಿನ್ನ ಮೇಲಿನವರು ಹತ್ತಾರು ವರ್ಷದಿಂದ ಒಳ್ಳೆಯವರಾಗಿಯೇ ಕೂತಿದ್ದಾರೆ, ಯಾರು ಕೊಳ್ತಾರೆ?

ಅವನ ಮಾತು ನನಗೆ ಹಿಡಿಸಿತು. ಮರುದಿನವೇ ಕಥೆ ಹೇಳಿದೆ. ಕೊನೆಯ ಪುಟದಲ್ಲಿ ಮೇಲಿನವರು ಟೋಪಿ ತೆಗೆಯುತ್ತಾರೆ. ಎದುರಿಗೆ ಲಾಂಡ್ರಿಯವಳು ನಿಂತಿದ್ದಾಳೆ. ಮೇಲಿನವರು ಅವಳಿಗೆ ಒಂದೇ ಮಾತು ಹೇಳುತ್ತಾರೆ: ಮುಳ್ಳುಕೂಟ ಕಟ್ಟಿದ್ದೂ ನಾನೇ. ಚಿತ್ರಗಾರ ಮೇಜು ಗುದ್ದಿ ಭೇಷ್ ಅಂದ. ಗುಳ್ಳೆ ಮಾತ್ರ ತಲೆ ಎತ್ತಲಿಲ್ಲ. ಎಲ್ಲರೂ ಎದ್ದ ಮೇಲೆ ನನ್ನ ಕುರ್ಚಿಯ ಪಕ್ಕ ಬಂದು ನಿಂತ.

"ಬೇಡ ಯಜಮಾನ್ರೇ. ಆ ಮಕ್ಕಳಿಗೆ ನಾನು ಕಾಗದ ಬರೆದಿದೀನಿ. ಆ ಅಕ್ಷರ ಅವರಿಗೆ ಗುರುತಿದೆ. ಅದೇ ಅಕ್ಷರದಲ್ಲಿ ಈ ಮಾತು ಬಂದ್ರೆ, ಕಾಗದದಲ್ಲಿ ಹೇಳಿದ್ದೂ ಸುಳ್ಳು ಅಂದ್ಕೋತಾರೆ."

"ಅದು ಶಾಯಿ ಕಣೋ. ಮೇಲಿನವರೂ ಇಲ್ಲ, ಕೆಳಗಿನವರೂ ಇಲ್ಲ."

"ಶಾಯಿ ನಿಮ್ದು. ಕೈ ನಂದಲ್ವಾ?"

ಅಷ್ಟು ವರ್ಷದಲ್ಲಿ ಅವನು ನನಗೆ ಎದುರಾಡಿದ್ದು ಅದೊಂದೇ ಸಲ. ಬಾಗಿಲ ಹತ್ತಿರ ಚಿತ್ರಗಾರ, ಮಡಿಚುವ ಹೆಂಗಸರು ಕೇಳಿಸಿಕೊಳ್ಳುತ್ತಿದ್ದರು. ನಾನು ಬಿಗಿಯಾಗಿ, ಬರೆಯುವುದಾದರೆ ಬರೆ, ಇಲ್ಲದಿದ್ದರೆ ಬರೆಯುವವರು ಬೇರೆ ಸಿಗುತ್ತಾರೆ ಅಂದೆ. ಬರೀತೀನಿ, ಬರೆದ್ರೆ ಚೆನ್ನಾಗೇ ಬರೀತೀನಿ ಎಂದು ಹೇಳಿ ಅವನು ತನ್ನ ಮೇಜಿಗೆ ಹೋದ.

ಚೆನ್ನಾಗಿಯೇ ಬರೆದ. ಆ ಚೀಟಿಯನ್ನು ಅವನು ಅಂಟಿಸುವ ಮುಂಚೆ ನಾನು ನೋಡಿದ್ದೆ. ಒಂದೊಂದು ಅಕ್ಷರವೂ ಕಡೆದು ನಿಲ್ಲಿಸಿದ ಹಾಗಿತ್ತು. ಮಧ್ಯಾಹ್ನ ಅಂಟಿಸಿ, ಸೀಸೆ ಉರುಳಿಸಿ, ತೂಕದ ಅಡಿಯಲ್ಲಿಟ್ಟು, ನಾಳೆ ಸಂಜೆಗೆ ಕೊಡುತ್ತೇನೆ ಎಂದು ಹೇಳಿ, ಅಕ್ಕನಿಗೆ ಜ್ವರವೆಂದು ಮನೆಗೆ ಹೋದ. ಅವನು ಹೋಗಿ ಒಂದು ಗಂಟೆಯಾಗಿರಲಿಲ್ಲ, ಮುದ್ರಣಾಲಯದ ಫೋರ್‌ಮನ್‌ನಿಂದ ಫೋನು ಬಂತು. ಬೇರೆಯವರ ಕೆಲಸ ತಪ್ಪಿದೆ, ಯಂತ್ರ ಖಾಲಿ ಇದೆ, ಈಗಲೇ ತಂದರೆ ಈಗಲೇ ಹಾಕುತ್ತೇನೆ, ಇಲ್ಲದಿದ್ದರೆ ಇನ್ನು ಮುಂದಿನ ವಾರ. ನಾನು ತೂಕ ಎತ್ತಿದೆ, ಹಾಳೆಗಳನ್ನು ನನ್ನ ಚರ್ಮದ ಚೀಲಕ್ಕೆ ತುರುಕಿದೆ, ಬಿಸಿಲಲ್ಲಿ ಅರ್ಧ ಊರು ದಾಟಿ ಕೊಟ್ಟು ಬಂದೆ. ಪರೀಕ್ಷೆಗೆ ಒಂದು ಪ್ರತಿ ತೆಗೆದು ತೋರಿಸಲೇ ಎಂದು ಫೋರ್‌ಮನ್ ಕೇಳಿದ. ಗುಳ್ಳೆಯ ಕೆಲಸ, ನೋಡುವುದೇನಿದೆ ಅಂದೆ. ಅವನ ಕೆಲಸದ ಮೇಲೆ ಅಷ್ಟು ನಂಬಿಕೆ ನನಗೆ. ಆ ನಂಬಿಕೆ ಮೂರು ದಿನ ಬಾಳಿತು.

ಮೂರನೆಯ ದಿನ ಕಟ್ಟು ಬಿಚ್ಚಿದಾಗ ಎಲ್ಲರೂ ಸುತ್ತ ನಿಂತಿದ್ದೆವು. ಅಕ್ಕನ ಜ್ವರ ಇಳಿದು ಗುಳ್ಳೆಯೂ ಅಂದೇ ಬಂದಿದ್ದ; ಹಾಳೆಗಳು ಯಾವಾಗ ಮುದ್ರಣಕ್ಕೆ ಹೋದವೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಕೊನೆಯ ಪುಟ ತೆರೆದೆ. ಮೇಲಿನವರು ಟೋಪಿ ತೆಗೆದು ನಿಂತಿದ್ದರು. ಲಾಂಡ್ರಿಯವಳು ಬಾಯಿಗೆ ಕೈ ಇಟ್ಟುಕೊಂಡಿದ್ದಳು. ಗುಳ್ಳೆ ಖಾಲಿ. ಎರಡನೆಯ ಪ್ರತಿ ತೆಗೆದೆ, ಹತ್ತನೆಯದು ತೆಗೆದೆ. ಎಲ್ಲದರಲ್ಲೂ ಹಾಲಿನಂಥ ಬಿಳಿ ಗುಳ್ಳೆ, ಒಳಗೆ ಒಂದಕ್ಷರ ಇಲ್ಲ.

ಫೋನು ಮಾಡಿದೆ. ಬಂದ ಮೂಲ ಹಾಳೆಯಲ್ಲಿ ಗುಳ್ಳೆ ಖಾಲಿಯೇ ಇತ್ತು, ಅದೇನೋ ಹೊಸ ಶೈಲಿ ಅಂದುಕೊಂಡೆ ಅಂದ ಫೋರ್‌ಮನ್. ನಾನು ಫೋನು ಇಟ್ಟು ಗುಳ್ಳೆಯ ಕಡೆ ತಿರುಗಿದೆ.

"ಅಂಟಿಸಿದ್ಯಾ?"

"ಅಂಟಿಸಿದ್ದೆ."

"ಹಂಗಾದ್ರೆ ಎಲ್ಲಿ ಹೋಯ್ತು?"

"ಗೊತ್ತಿಲ್ಲ ಯಜಮಾನ್ರೇ. ಅಂಟಿಸಿದ್ದೆ."

ನನ್ನ ನಾಲಗೆಗೆ ಒಂದು ಕೆಟ್ಟ ಚಾಳಿ, ಜೋಕು ಸಿಕ್ಕಿದರೆ ನುಂಗುವುದಿಲ್ಲ. "ನೆರಳು ಕಚೇರೀಲಿ ದ್ರೋಹಿ ಯಾರು ಅಂತ ಓದುಗರಿಗೆ ಗೊತ್ತಾಗದೇ ಹೋದ್ರೂ, ನಮಗೆ ಗೊತ್ತಾಯ್ತು ಬಿಡಿ," ಅಂದೆ. ಚಿತ್ರಗಾರ ಮೊದಲು ನಕ್ಕ. ಆಮೇಲೆ ಎಲ್ಲರೂ ನಕ್ಕರು, ಮಡಿಚುವ ಹೆಂಗಸರೂ ಸೆರಗು ಅಡ್ಡ ಹಿಡಿದು ನಕ್ಕರು. ಅವನು ಆ ಮಾತಿಗೆ ಎದುರಾಡಿದ್ದನ್ನು ಎಲ್ಲರೂ ಕೇಳಿದ್ದರಲ್ಲ, ಬೇಕೆಂದೇ ಚೀಟಿ ಬಿಟ್ಟಿದ್ದಾನೆ ಎನ್ನುವುದರಲ್ಲಿ ಯಾರಿಗೂ ಸಂಶಯ ಉಳಿಯಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವನು ತನ್ನ ಲೇಖನಿಗಳನ್ನು ಒರೆಸಿದ, ಬಟ್ಟೆಯಲ್ಲಿ ಸುತ್ತಿದ, ಗೋಂದಿನ ಡಬ್ಬಿಯ ಮುಚ್ಚಳ ಬಿಗಿ ಮಾಡಿದ. ಬಾಗಿಲಲ್ಲಿ ನಿಂತು, "ಅಂಟಿಸಿದ್ದೆ," ಎಂದು ಇನ್ನೊಮ್ಮೆ ಹೇಳಿದ. ಅವನು ಮೂರು ಸಲ ಹೇಳಿದ್ದ. ನಾನು ಒಂದೇ ಸಲ ಕೇಳಿದ್ದೆ.

ಹಾಳಾದ ಸರಕನ್ನು ಮಾರದೆ ಬಿಡುವವನಲ್ಲ ನಾನು. ಮೇಲಿನವರು ಏನು ಹೇಳಿದರು, ನೀವೇ ಬರೆದು ಕಳಿಸಿ ಎಂದು ಒಂದು ಚೀಟಿ ಮುದ್ರಿಸಿ ಪ್ರತಿಯೊಂದರಲ್ಲೂ ಇಟ್ಟುಬಿಟ್ಟೆ. ಮೊದಲಿನಿಂದ ಅದೇ ಉಪಾಯವಿತ್ತು ಎಂದು ಸಗಟು ವ್ಯಾಪಾರಿಯ ಮುಂದೆ ಮೀಸೆ ತಿರುವಿದೆ. ಸಂಚಿಕೆ ಎರಡು ಸಲ ಮುದ್ರಣವಾಯಿತು. ಓದುಗರು ಪುಟವನ್ನೇ ಕತ್ತರಿಸಿ ಗುಳ್ಳೆ ತುಂಬಿ ಕಳಿಸಿದರು, ಚೀಲಗಟ್ಟಲೆ. ನಾನು ನಾಲ್ಕಾರು ತೆಗೆದು ಓದಿದೆ. ನೀನು ಹೆದರಬೇಡ, ನಾನಿದ್ದೇನೆ. ನನ್ನ ಮುಖ ನೋಡಿದ್ದನ್ನು ಯಾರಿಗೂ ಹೇಳಬೇಡ. ಇಸ್ತ್ರಿ ಪೆಟ್ಟಿಗೆ ಆರಿಸಿ ಬಂದೆಯಾ? ಒಬ್ಬರೂ ಮೇಲಿನವರನ್ನು ಕಳ್ಳನನ್ನಾಗಿ ಮಾಡಿರಲಿಲ್ಲ. ಗುಳ್ಳೆ ಆ ಮಕ್ಕಳಿಗೆ ಬರೆದ ಕಾಗದಗಳು ನನ್ನ ಕಥೆಗಿಂತ ಗಟ್ಟಿಯಾಗಿ ಅಂಟಿದ್ದವು. ಆ ಚೀಲಗಳನ್ನು ಅವನಿಗೆ ಕಳಿಸಬೇಕು ಅನಿಸಿತು. ಅನಿಸಿದ್ದನ್ನೆಲ್ಲ ಮಾಡುವವನು ವ್ಯಾಪಾರಿಯಾಗುವುದಿಲ್ಲ. ಉಗ್ರಾಣಕ್ಕೆ ಹಾಕಿದೆ, ಇಲಿಗಳು ತಿಂದವು.

ಎಂಟು ತಿಂಗಳ ಮೇಲೆ ನನ್ನ ಚರ್ಮದ ಚೀಲದ ಪಟ್ಟಿ ಕಿತ್ತಿತು. ಚಪ್ಪಲಿ ಹೊಲಿಯುವವನಿಗೆ ಕೊಟ್ಟು ಪಕ್ಕದಲ್ಲೇ ನಿಂತಿದ್ದೆ. ಅವನು ಚೀಲವನ್ನು ಒಳಹೊರಗು ಮಗುಚಿ, ಒಳಪದರದ ಮಡಿಕೆಯಿಂದ ಏನನ್ನೋ ಉಗುರಿನಲ್ಲಿ ಕೆರೆದು ತೆಗೆದು, ಇದು ಬೇಕಾ ಬಿಸಾಕೋದಾ ಎಂದು ಕೇಳಿದ. ಅಂಗೈಯಷ್ಟು ಅಗಲದ ಚೀಟಿ. ಹಿಂದೆ ಗೋಂದು, ಗೋಂದಿನ ಮೇಲೆ ಚರ್ಮದ ಪುಡಿ. ಮುಂದೆ, ಕಡೆದು ನಿಲ್ಲಿಸಿದ ಅಕ್ಷರದಲ್ಲಿ: ಮುಳ್ಳುಕೂಟ ಕಟ್ಟಿದ್ದೂ ನಾನೇ.

ನನ್ನ ಚೀಲದಿಂದ ನನ್ನದೇ ತಪ್ಪೊಪ್ಪಿಗೆ, ಅವನ ಕೈಬರಹದಲ್ಲಿ. ಗೋಂದು ಒಣಗಿರಲಿಲ್ಲ, ಬಿಸಿಲಿಗೆ ಮೆತ್ತಗಾಗಿ ರಟ್ಟು ಬಿಟ್ಟು ಚರ್ಮ ಹಿಡಿದಿತ್ತು. ಬೇಕು ಎಂದು ಹೇಳಿ ಅಂಗಿಯ ಜೇಬಿಗಿಟ್ಟುಕೊಂಡೆ.

ಆ ವಾರವೇ ಅವನ ಮನೆ ಹುಡುಕಿಕೊಂಡು ಹೋದೆ. ಸೈಕಲ್ ರಿಪೇರಿ ಅಂಗಡಿಯ ಮೇಲೆ ಎರಡು ಕೋಣೆ. ಒಂದರಲ್ಲಿ ಅವನ ಅಕ್ಕ ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದಳು. ತಂದೆತಾಯಿ ಹೋದ ಮೇಲೆ ಅವನನ್ನು ಸಾಕಿದವಳು, ಗುಂಡಿಗಳೆಲ್ಲ ಒಂದೇ ಬಣ್ಣದಲ್ಲಿರುವಂತೆ ನೋಡಿಕೊಂಡವಳು. ಇನ್ನೊಂದರಲ್ಲಿ ಅವನು ಬಾಗಿಲಿನ ಹೆಸರುಫಲಕ ಬರೆಯುತ್ತಿದ್ದ. ನನ್ನನ್ನು ಕಂಡು ಎದ್ದ, ಇದ್ದ ಒಂದೇ ಕುರ್ಚಿ ಕೊಟ್ಟ, ತಾನು ಕಿಟಕಿಯ ಕಟ್ಟೆಯ ಅಂಚಿನಲ್ಲಿ ಕೂತ. ಅಕ್ಕ ಚಹಾ ತಂದಿಟ್ಟು, ಸಾಹುಕಾರ್ರು ದಾರಿ ತಪ್ಪಿ ಬಂದ ಹಾಗಿದೆ ಎಂದು ಹೇಳಿ ಯಂತ್ರಕ್ಕೆ ಮರಳಿದಳು.

ಹೇಳಲೆಂದೇ ಹೋಗಿದ್ದೆ. ಬಾಯಿ ತೆರೆಯುವುದರಲ್ಲಿದ್ದೆ. ಅವನೇ ಶುರು ಮಾಡಿದ.

"ನಾನೂ ಯೋಚನೆ ಮಾಡ್ತಾನೇ ಇದೀನಿ ಯಜಮಾನ್ರೇ. ಅವತ್ತು ಡಬ್ಬಿ ತಳದ ಗೋಂದು, ಗಟ್ಟಿಯಾಗಿತ್ತು. ಹೊಸದು ಒಡೀಬೇಕಿತ್ತು. ಮನಸ್ಸಿಗೆ ಬೇಜಾರಾಗಿದ್ರೆ ಕೈ ಸರಿಯಾಗಿ ಒತ್ತಲ್ಲ. ತಪ್ಪು ನಂದೇ ಇರಬೇಕು."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡವನ ಹಾಗೆ ನನ್ನ ಕೈ ಜೇಬಿಗೆ ಹೋಯಿತು. ಬಟ್ಟೆಯ ಮೇಲಿಂದಲೇ ಚೀಟಿಯ ಅಂಚು ತಾಗಿತು. ಹೇಳಿದರೆ, ಆ ದಿನ ನಕ್ಕವರ ಮುಂದೆ ನಾನು ಮತ್ತೆ ನಿಲ್ಲಬೇಕು. ಎರಡು ಸಲ ಮುದ್ರಣ ಕಂಡ ನನ್ನ ಉಪಾಯ ನನ್ನ ಅವಸರವಾಗಿತ್ತೆಂದು ಸಗಟು ವ್ಯಾಪಾರಿಯವರೆಗೂ ಗೊತ್ತಾಗಬೇಕು. ಅಷ್ಟರಲ್ಲಿ ಅವನು ನನ್ನ ಮುಖವನ್ನೇ ನೋಡುತ್ತಿದ್ದ, ತೀರ್ಪು ಕೇಳುವವನ ಹಾಗೆ.

"ಆಗಿದ್ದು ಆಗೋಯ್ತು ಬಿಡು," ಅಂದೆ. "ನಾನೇನೂ ಮನಸ್ಸಲ್ಲಿಟ್ಟುಕೊಂಡಿಲ್ಲ."

ನನ್ನ ತಪ್ಪಿಗಾಗಿ ನಾನು ಅವನನ್ನು ಕ್ಷಮಿಸಿ ಬಂದೆ. ಅವನು ಸಮಾಧಾನದಿಂದ ಮೆಟ್ಟಿಲವರೆಗೆ ಬಂದು ಬೀಳ್ಕೊಟ್ಟ, ಮೂರನೇ ಮೆಟ್ಟಿಲು ಸಡಿಲವಿದೆ ನೋಡಿಕೊಂಡು ಇಳಿಯಿರಿ ಅಂದ. ಮತ್ತೆ ಕೆಲಸಕ್ಕೆ ಬಾ ಅನ್ನಬೇಕಿತ್ತು, ಅದನ್ನೂ ಅನ್ನಲಿಲ್ಲ. ದಿನವೂ ಅವನ ಮುಖ ನೋಡುತ್ತ ಆ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು ಕೂರುವ ಗುಂಡಿಗೆ ನನಗಿರಲಿಲ್ಲ.

ಇನ್ನೊಮ್ಮೆ ಹೋದೆ, ಎರಡು ವರ್ಷದ ಮೇಲೆ, ಒಂದು ಹೆಸರುಫಲಕದ ನೆಪ ಮಾಡಿಕೊಂಡು. ಆಗಲೂ ಹೇಳಲಿಲ್ಲ. ಅವನು ಅಂಟಿಸುವ ಕೆಲಸವನ್ನೇ ಬಿಟ್ಟಿದ್ದ, ಬಣ್ಣದಲ್ಲಿ ನೇರ ಬರೆಯುವುದು ಮಾತ್ರ. ಕಾಗದ ಬರೆದರೆ ಲಕೋಟೆಯ ಬಾಯಿಯನ್ನು ಹತ್ತು ಸಲ ಒತ್ತುತ್ತಾನೆ, ಅಂಚೆ ಡಬ್ಬಿಗೆ ಹಾಕಿದ ಮೇಲೂ ಡಬ್ಬಿಯ ಬಾಯೊಳಗೆ ಇಣುಕುತ್ತಾನೆ ಎಂದು ಅಕ್ಕ ಹೇಳಿ ನಕ್ಕಳು. ಅವನೂ ನಕ್ಕ. ನಾನೂ ನಗಬೇಕಾಯಿತು. ಹೆಸರುಫಲಕ ಚೆನ್ನಾಗಿ ಬರೆದುಕೊಟ್ಟ, ಇಂದಿಗೂ ನನ್ನ ಬಾಗಿಲ ಮೇಲಿದೆ. ಮನೆಗೆ ಬಂದವರೆಲ್ಲ ಅಕ್ಷರ ಯಾರದು ಎಂದು ಕೇಳುತ್ತಾರೆ.

ಕಾಮಿಕ್ಸ್ ಆಮೇಲೆ ಹೆಚ್ಚು ದಿನ ನಡೆಯಲಿಲ್ಲ. ಹೊಸದಾಗಿ ಬಂದವನು ಕಂಪ್ಯೂಟರಿನಲ್ಲಿ ಗುಳ್ಳೆ ತುಂಬುತ್ತಿದ್ದ, ಯಾವ ಚೀಟಿಯೂ ಬೀಳುವ ಭಯವಿರಲಿಲ್ಲ. ಮೇಲಿನವರನ್ನು ನಾನು ಹಟಕ್ಕೆ ಬಿದ್ದು ಮುಂದಿನ ಸಂಚಿಕೆಯಲ್ಲಿ ಕಳ್ಳನನ್ನಾಗಿ ಮಾಡಿಯೇ ಬಿಟ್ಟಿದ್ದೆ. ಕೂಪನ್ ಬರುವುದು ನಿಂತಿತು, ಕಾಗದ ನಿಂತಿತು, ಕೊನೆಗೆ ನೆರಳು ಕಚೇರಿಯ ಗೋಡೆ ಸರಿಯುವುದೂ ನಿಂತಿತು. ಚಿತ್ರಗಾರ ಯಾವುದೋ ಶಾಲೆಗೆ ಸೇರಿಕೊಂಡ. ಮಡಿಚುವ ಹೆಂಗಸರು ಚದುರಿದರು. ಮಳಿಗೆಯಲ್ಲಿ ಈಗ ಮತ್ತೆ ನೋಟುಪುಸ್ತಕ, ಲಕೋಟೆ.

ಗುಳ್ಳೆ ಹೋದ ಸುದ್ದಿ ನನಗೆ ತಲುಪಿದ್ದು ಹದಿನೈದು ದಿನ ತಡವಾಗಿ. ಎದೆನೋವು, ಎರಡೇ ದಿನ. ಆ ಮೆಟ್ಟಿಲು ಹತ್ತಿದೆ. ಮೂರನೆಯದು ಇನ್ನೂ ಸಡಿಲವಾಗಿತ್ತು. ಅಕ್ಕ ಹೊಲಿಗೆ ನಿಲ್ಲಿಸಲಿಲ್ಲ. ಕಾಲರ್ ಒಂದನ್ನು ಮುಗಿಸಿ, ದಾರ ಕಡಿದು, ಆಮೇಲೆ ತಲೆ ಎತ್ತಿದಳು. ನಾನು ಚೀಟಿಯನ್ನು ತೆಗೆದು ಅವಳ ಯಂತ್ರದ ಮೇಲಿಟ್ಟು ನಡೆದದ್ದನ್ನೆಲ್ಲ ಹೇಳಿದೆ. ತೂಕ ಎತ್ತಿದ್ದು, ಬಿಸಿಲು, ಚೀಲ, ಮೊದಲ ಸಲ ಬಂದಾಗ ಜೇಬಿನಲ್ಲಿ ಇದೇ ಇದ್ದದ್ದು.

ಅವಳು ಕನ್ನಡಕ ಏರಿಸಿ ಚೀಟಿ ಓದಿದಳು. ಹಿಂಬದಿಯ ಗೋಂದನ್ನು ಬೆರಳಿನಿಂದ ಸವರಿದಳು. ಅತ್ತಾಳು, ಬಯ್ದಾಳು ಎಂದು ನಾನು ಕಾದೆ.

"ಅವನು ಅಂಟಿಸಿದ್ದು ಬೀಳಲ್ಲ ಅಂತ ನಂಗೆ ಯಾವತ್ತೂ ಗೊತ್ತು," ಅಂದಳು. "ಗೊತ್ತಿರಬೇಕಾಗಿದ್ದು ಅವನಿಗೆ. ಕೊನೇವರೆಗೂ ತನ್ನ ಕೈಯನ್ನೇ ನಂಬಲಿಲ್ಲ."

ಅವಳು ಚೀಟಿಯನ್ನು ನನ್ನ ಕಡೆಗೇ ಸರಿಸಿದಳು.

"ನನ್ನ ಹತ್ರ ಹೇಳಿದ್ರೆ ಏನು ಬಂತು ಸಾಹುಕಾರ್ರೇ? ನಗಿಸಿದ್ದು ನಾಲ್ಕು ಜನರ ಮುಂದೆ. ಹೇಳೋದೂ ನಾಲ್ಕು ಜನರ ಮುಂದೆ ಹೇಳಿ."

ಚೀಟಿ ಜೇಬಿಗಿಟ್ಟುಕೊಂಡು ಇಳಿದೆ. ಮರುವಾರ ಚಿತ್ರಗಾರನ ಶಾಲೆಗೆ ಹೋಗಿ ಹೇಳಿದೆ. ಅವನು ತನ್ನ ಬೆರಳುಗಳನ್ನು ನೋಡಿಕೊಂಡು, ಮೊದಲು ನಕ್ಕವನು ನಾನಲ್ಲವಾ ಅಂದ. ಫೋರ್‌ಮನ್ ಈಗ ಇಲ್ಲ. ಮಡಿಚುವ ಹೆಂಗಸರಲ್ಲಿ ಒಬ್ಬಳು ಮಾತ್ರ ಸಿಕ್ಕಳು. ಅವಳಿಗೆ ನಕ್ಕದ್ದು ನೆನಪಿರಲಿಲ್ಲ, ಗುಳ್ಳೆಯಣ್ಣ ನೆನಪಿದ್ದ. ಸಿಗದವರಿಗೂ, ಗುರುತಿನ ಚೀಟಿಯನ್ನು ಇನ್ನೂ ಎಲ್ಲಾದರೂ ಇಟ್ಟುಕೊಂಡಿರುವ ಆ ಓದುಗರಿಗೂ ಬೇರೆ ದಾರಿಯಿಲ್ಲದೆ ಇಲ್ಲಿ ಬರೆಯುತ್ತಿದ್ದೇನೆ.

ಆ ದಿನ ಕೊನೆಯ ಪುಟದ ಚೀಟಿಯನ್ನು ಗುಳ್ಳೆ ಅಂಟಿಸಿದ್ದ. ಒಣಗುವ ಮುಂಚೆ ಎತ್ತಿಕೊಂಡು ಹೋದವನು ನಾನು. ಇದನ್ನು ಅವನಿಗೆ ಹೇಳಬೇಕಿತ್ತು, ಹೇಳಲಿಲ್ಲ. ಆ ಮಾತು ನಾನು ಅವನಿಗೆ ಕೊಡಬೇಕಾದ ಬಾಕಿ.